ಎರಡು ವರ್ಷದ ಗ್ರೀನ್ ಕಾರ್ಡಿನ ಷರತ್ತು ತೆಗೆಸುವುದು: ಅತ್ತೆ-ಮಾವನ ಜೊತೆ ಒಂದೇ ಮನೆಯಲ್ಲಿರುವವರು ಏನು ದಾಖಲೆ ಕೊಡಬೇಕು?

ತುಂಗಾತೀರ, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ನನ್ನ ಊರು ಶಿವಮೊಗ್ಗ. ನಮ್ಮನೆಯವರು ಅಮೆರಿಕದ ನಾಗರಿಕರು. ಮದುವೆಯಾದ ಮೇಲೆ ಮುಂಬೈ ಕಾನ್ಸುಲೇಟಿನಲ್ಲಿ ಸಂದರ್ಶನ ಮುಗಿಸಿ, ಹೊಸದಾಗಿ ಮದುವೆಯಾದ ಸಂಗಾತಿಗೆ ಕೊಡುವ ಸಿಆರ್-1 ವೀಸಾದಲ್ಲಿ ಎಡಿಸನ್‌ಗೆ ಬಂದೆ. ಕೈಗೆ ಬಂದದ್ದು ಎರಡೇ ವರ್ಷದ ಕಾರ್ಡು. ಅವಧಿ ಮುಗಿಯಲು ಇನ್ನು ನಾಲ್ಕು ತಿಂಗಳಿದೆ. ಷರತ್ತು ತೆಗೆಸಲು ಐ-751 ಎಂಬ ಅರ್ಜಿ ಹಾಕಬೇಕು ಅನ್ನುವಷ್ಟು ಗೊತ್ತು. ಅದರಾಚೆ ಓದಿದಷ್ಟೂ ಗಾಬರಿಯೇ ಹೆಚ್ಚಾಗುತ್ತಿದೆ.

ನನ್ನ ಮುಖ್ಯ ಚಿಂತೆ ಮನೆಯದು. ನಾವಿರುವುದು ಅತ್ತೆ-ಮಾವನ ಜೊತೆ. ಮನೆ ಮಾವನ ಹೆಸರಿನಲ್ಲಿದೆ. ಕರೆಂಟ್ ಬಿಲ್ಲು, ಗ್ಯಾಸ್, ಇಂಟರ್ನೆಟ್ ಎಲ್ಲ ಅವರದೇ. ಬಾಡಿಗೆ ಕರಾರು ಅನ್ನುವ ಮಾತೇ ಇಲ್ಲ. ಎಲ್ಲಿ ನೋಡಿದರೂ 'ಇಬ್ಬರ ಹೆಸರಿನ ಲೀಸ್ ಕೊಡಿ, ಇಬ್ಬರ ಹೆಸರಿನ ಮಾರ್ಟ್‌ಗೇಜ್ ಕೊಡಿ' ಎಂದೇ ಬರೆದಿರುತ್ತಾರೆ. ಕೂಡುಕುಟುಂಬದಲ್ಲಿ ಇರುವವರು ಏನು ಕೊಡಬೇಕು? ಇನ್ನೊಂದು, ಊರಿನಲ್ಲಿ ಅಮ್ಮನ ಮಂಡಿ ಆಪರೇಷನ್ ಇದೆ. ಅರ್ಜಿ ಹಾಕಿದ ಮೇಲೆ ಹೋಗಿ ಬರಬಹುದಾ? ಕಾರ್ಡಿನ ಅವಧಿ ಮುಗಿದಿದ್ದರೆ ವಾಪಸ್ ಬಿಡುತ್ತಾರಾ? ದಯವಿಟ್ಟು ತಿಳಿದವರು ಹೇಳಿ.

ಹುಬ್ಬಳ್ಳಿಯಾಂವ, ಡಲ್ಲಾಸ್

ಅಕ್ಕಾರ, ಗಾಬರಿ ಆಗಬ್ಯಾಡ್ರಿ. ನಾನೂ ಇದೇ ದಾರಿಯೊಳಗ ಬಂದಾಂವ. ನಮ್ಮ ಮನಿಯಾಕಿ ಇಲ್ಲೇ ಹುಟ್ಟಿ ಬೆಳದಾಕಿ, ನಾ ಲಗ್ನ ಆಗಿ ಬಂದೀನಿ.

ಮೊದಲ ತಾರೀಖಿನ ಮಾತು ಹೇಳ್ತೀನಿ. ಅದು ತಪ್ಪಿತಂದ್ರ ಬಾಕಿ ಎಲ್ಲಾ ಚಲೋ ಇದ್ರೂ ಉಪಯೋಗಿಲ್ಲ. ಕಾರ್ಡಿನ ಮ್ಯಾಲ ಅವಧಿ ಮುಗಿಯೋ ತಾರೀಖು ಅದ ಅಲ್ರೀ, ಅದರ ಹಿಂದಿನ 90 ದಿನದೊಳಗ ನಿಮ್ಮ ಅರ್ಜಿ ಯುಎಸ್‌ಸಿಐಎಸ್ (ವಲಸೆ ಅರ್ಜಿ ನೋಡೋ ಅಮೆರಿಕದ ಇಲಾಖೆ) ಕೈಗೆ ಮುಟ್ಟಬೇಕು. ಅದಕ್ಕಿಂತ ಒಂದಿನ ಮೊದಲ ಮುಟ್ಟಿದ್ರೂ ತಿರುಗಿ ಕಳಸ್ತಾರ. ಭಾಳ ಮಂದಿ 'ಲಗೂನ ಕಳಿಸಿದ್ರ ಲಗೂನ ಕೆಲಸ ಆಗ್ತದ' ಅಂತ ತಿಳಕೋತಾರ, ಹಂಗಿಲ್ಲ. ದಿನ ಎಣಿಸಾಕ ಯುಎಸ್‌ಸಿಐಎಸ್ ವೆಬ್‌ಸೈಟಿನೊಳಗs ಒಂದು ಲೆಕ್ಕದ ಪುಟ ಅದ, ತಾರೀಖು ಹಾಕಿದ್ರ ಯಾವಾಗ ಕಳಸಬೇಕು ಅಂತ ತೋರಸ್ತದ. ಅರ್ಜಿ ಎಲ್ಲಿಗೆ ಹೋಗಬೇಕು ಅನ್ನೋದು ನೀವಿರೋ ರಾಜ್ಯದ ಮ್ಯಾಲ ಅದ. ವಿಳಾಸ ಮಾತ್ರ ಹಳೇ ಪೋಸ್ಟ್ ನೋಡಿ ಬರಕೋಬ್ಯಾಡ್ರಿ, ಕಳಸೋ ದಿನ ಅವರ ಪುಟದೊಳಗ ನೋಡ್ರಿ.

ಇನ್ನೊಂದು ಮಾತು. ಕಾರ್ಡು ರಿನ್ಯೂ ಮಾಡ್ಸೋದಂತ ಐ-90 ಹಾಕಬ್ಯಾಡ್ರಿ. ಅದು ಹತ್ತು ವರ್ಷದ ಕಾರ್ಡಿನವರಿಗೆ. ನಮ್ಮದು ಷರತ್ತಿನ ಕಾರ್ಡು, ನಮಗ ಐ-751ನ ಬೇಕು.

ಕಾಗದಪತ್ರ, ಷಿಕಾಗೋ

ವಲಸೆ ವಕೀಲರೊಬ್ಬರ ಕಚೇರಿಯಲ್ಲಿ ಪ್ಯಾರಾಲೀಗಲ್ ಆಗಿ ಕೆಲಸ ಮಾಡುತ್ತಿದ್ದೇನೆ. ನಾನು ವಕೀಲೆಯಲ್ಲ. ಇದನ್ನು ಕಾನೂನು ಸಲಹೆ ಅಂದುಕೊಳ್ಳಬೇಡಿ, ದಿನವೂ ಈ ಕಡತಗಳನ್ನು ಜೋಡಿಸುವವಳ ಮಾತು ಅಂತ ತೆಗೆದುಕೊಳ್ಳಿ.

ತುಂಗಾತೀರ ಅವರೇ, ಈ ಷರತ್ತು ಯಾಕಿದೆ ಅನ್ನುವುದು ಗೊತ್ತಾದರೆ ದಾಖಲೆ ಜೋಡಿಸುವುದು ಸುಲಭ. ಕಾರ್ಡಿಗಾಗಿ ಸುಳ್ಳು ಮದುವೆ ಮಾಡಿಕೊಳ್ಳುತ್ತಾರೆ ಎಂಬ ಅನುಮಾನದಿಂದ 1986ರಲ್ಲಿ ಇದಕ್ಕೆಂದೇ ಕಾನೂನು ತಂದರು. ನೀವು ಇಲ್ಲಿ ಕಾಲಿಟ್ಟ ದಿನಕ್ಕೆ ಅಥವಾ ಒಳಗಿದ್ದುಕೊಂಡೇ ಅರ್ಜಿ ಹಾಕಿದ್ದರೆ ಅದು ಮಂಜೂರಾದ ದಿನಕ್ಕೆ, ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಕಾರ್ಡು ಷರತ್ತಿನದಾಗುತ್ತದೆ. ತುಂಬಿದ್ದರೆ ನೇರ ಹತ್ತು ವರ್ಷದ್ದು. ಅಂದರೆ ನಿಮ್ಮ ಮೇಲೆ ವೈಯಕ್ತಿಕವಾಗಿ ಯಾರಿಗೂ ಅನುಮಾನ ಬಂದಿಲ್ಲ. ತಾರೀಖಿನ ಲೆಕ್ಕ ಅಷ್ಟೇ. ಈಗ ಅಧಿಕಾರಿಗೆ ಬೇಕಾಗಿರುವುದು ಒಂದೇ ಉತ್ತರ: ಈ ಮದುವೆ ಸಂಸಾರ ಮಾಡಲೆಂದು ಆದದ್ದೇ, ಆಮೇಲೆ ನಿಜವಾಗಿ ಸಂಸಾರ ನಡೆಯಿತೇ?

ಕೂಡುಕುಟುಂಬದ ಕಡತಗಳು ನಮ್ಮ ಕಚೇರಿಗೆ ಬೇಕಾದಷ್ಟು ಬರುತ್ತವೆ. ಲೀಸ್ ಇಲ್ಲದ ಮಾತ್ರಕ್ಕೆ ಅರ್ಜಿ ಬೀಳುವುದಿಲ್ಲ. ಆದರೆ ಯಾಕೆ ಇಲ್ಲ ಎಂದು ನೀವೇ ಹೇಳಬೇಕು, ಅಧಿಕಾರಿ ಊಹಿಸಿಕೊಳ್ಳಲಿ ಎಂದು ಬಿಡಬಾರದು. ಮಾವನವರಿಂದ ಒಂದು ಪತ್ರ ಬರೆಸಿ. ಮಗ-ಸೊಸೆ ಇಂಥ ತಾರೀಖಿನಿಂದ ನಮ್ಮ ಮನೆಯಲ್ಲಿದ್ದಾರೆ, ಬಾಡಿಗೆ ತೆಗೆದುಕೊಳ್ಳುವುದಿಲ್ಲ, ದಿನಸಿಯನ್ನೋ ಬಿಲ್ಲನ್ನೋ ಅವರು ನೋಡಿಕೊಳ್ಳುತ್ತಾರೆ ಎಂದು ಇದ್ದದ್ದು ಇದ್ದ ಹಾಗೆ ಇರಲಿ. ಮನೆ ಅವರದೇ ಅನ್ನುವುದಕ್ಕೆ ಆಸ್ತಿ ತೆರಿಗೆ ಬಿಲ್ಲಿನ ಪ್ರತಿ ಲಗತ್ತಿಸಿ. ಆಮೇಲೆ ನೀವಿಬ್ಬರೂ ಆ ವಿಳಾಸದಲ್ಲೇ ಇದ್ದೀರಿ ಅನ್ನುವುದಕ್ಕೆ ಹೊರಗಿನ ಕಾಗದ ಬೇಕು: ಇಬ್ಬರ ಡ್ರೈವಿಂಗ್ ಲೈಸೆನ್ಸ್, ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ಪತ್ರ (ಡಬ್ಲ್ಯು-2), ಬ್ಯಾಂಕಿನಿಂದ ಬಂದ ಸ್ಟೇಟ್‌ಮೆಂಟು, ಆಸ್ಪತ್ರೆಯ ಬಿಲ್ಲು, ಆರೋಗ್ಯ ವಿಮೆಯವರು ಕಳಿಸುವ ವಿವರಪಟ್ಟಿ. ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಕಡೆಯಿಂದ, ಒಂದೇ ವಿಳಾಸಕ್ಕೆ ಇಬ್ಬರ ಹೆಸರಿಗೂ ಅಂಚೆ ಬಂದಿದೆ ಅಂದರೆ ಅದು ಗಟ್ಟಿ ಪುರಾವೆ.

ಇನ್ನು ಹಣದ ವಿಷಯ. ಎಲ್ಲಕ್ಕಿಂತ ತೂಕದ್ದು ಇಬ್ಬರೂ ಸೇರಿ ಸಲ್ಲಿಸಿದ ತೆರಿಗೆ ರಿಟರ್ನು. ತೆರಿಗೆ ಇಲಾಖೆಯ (ಐಆರ್‌ಎಸ್) ವೆಬ್‌ಸೈಟಿನಿಂದ ಅದರ ಟ್ರಾನ್ಸ್‌ಕ್ರಿಪ್ಟ್, ಅಂದರೆ ರಿಟರ್ನಿನ ಸಾರಾಂಶ, ಇಳಿಸಿಕೊಳ್ಳಿ, ಅದಕ್ಕೆ ದುಡ್ಡಿಲ್ಲ. ಜಂಟಿ ಖಾತೆ ಇದ್ದರೆ ಅದರಲ್ಲಿ ವಹಿವಾಟು ಕಾಣಬೇಕು. ಸಂಬಳ ಬೀಳಬೇಕು, ಪಟೇಲ್ ಬ್ರದರ್ಸ್‌ನಲ್ಲಿ ತರಕಾರಿ ಕೊಂಡದ್ದು ಕಾಣಬೇಕು, ಕಾರಿನ ಕಂತು ಹೋಗಬೇಕು. ನೂರು ಡಾಲರ್ ಇಟ್ಟು ಮುಟ್ಟದೇ ಬಿಟ್ಟ ಖಾತೆಗೆ ಬೆಲೆ ಕಡಿಮೆ. ಯಜಮಾನರ ಕಂಪನಿಯ ಆರೋಗ್ಯ ವಿಮೆಯಲ್ಲಿ ನಿಮ್ಮ ಹೆಸರು, ಕಾರು ವಿಮೆಯಲ್ಲಿ ಇಬ್ಬರ ಹೆಸರು, ಜೀವವಿಮೆಗೂ ನಿವೃತ್ತಿ ಉಳಿತಾಯದ 401-ಕೆಗೂ ನಿಮ್ಮನ್ನು ನಾಮಿನಿ ಮಾಡಿದ ಪುಟ, ಫ್ಯಾಮಿಲಿ ಫೋನ್ ಪ್ಲಾನು. ಇವೆಲ್ಲ ಮನೆಯಲ್ಲಿ ಈಗಾಗಲೇ ಇರುವ ಕಾಗದಗಳು. ಹುಡುಕಿ ತೆಗೆದು ತಾರೀಖಿನ ಪ್ರಕಾರ ಜೋಡಿಸಿದರಾಯಿತು.

ತುಂಗಾತೀರ, ನ್ಯೂಜೆರ್ಸಿ

ತುಂಬಾ ತುಂಬಾ ಧನ್ಯವಾದ ಮೇಡಂ. ಎದೆ ಸ್ವಲ್ಪ ಹಗುರಾಯಿತು. ಎರಡು ಅನುಮಾನ ಉಳಿದಿವೆ. ಮೊದಲ ವರ್ಷ ನನಗಿನ್ನೂ ಏನೂ ಗೊತ್ತಿರಲಿಲ್ಲ. ತೆರಿಗೆಯನ್ನು ಇವರು 'ಮದುವೆಯಾಗಿದ್ದು ಪ್ರತ್ಯೇಕ ಸಲ್ಲಿಕೆ' ಎಂದು ಹಾಕಿದ್ದಾರೆ. ಎರಡನೇ ವರ್ಷ ಒಟ್ಟಿಗೆ ಹಾಕಿದ್ದೇವೆ. ಇದರಿಂದ ತೊಂದರೆಯಾ? ಮತ್ತೆ, ನಮ್ಮ ಮದುವೆ ಪತ್ರಿಕೆ ಮತ್ತು ಛತ್ರದ ರಸೀದಿ ಕನ್ನಡದಲ್ಲಿವೆ. ಕಳಿಸಬಹುದಾ?

ಕಾಗದಪತ್ರ, ಷಿಕಾಗೋ

ಪ್ರತ್ಯೇಕ ಸಲ್ಲಿಕೆ ತಪ್ಪೇನಲ್ಲ, ಕಾನೂನು ಒಪ್ಪುವ ರೀತಿಯೇ. ಯಾಕೆ ಹಾಗೆ ಹಾಕಿದಿರಿ ಎಂದು ಒಂದೆರಡು ಸಾಲು ಬರೆದರೆ ಸಾಕು. ಬೇಕಿದ್ದರೆ ತಿದ್ದುಪಡಿಯ ರಿಟರ್ನು 1040-ಎಕ್ಸ್ ಹಾಕಿ ಅದನ್ನು ಜಂಟಿ ರಿಟರ್ನಿಗೆ ಬದಲಿಸಬಹುದು. ರಿಟರ್ನಿನ ಗಡುವಿನಿಂದ ಮೂರು ವರ್ಷದೊಳಗೆ ಅದಕ್ಕೆ ಅವಕಾಶವಿದೆ. ಲೆಕ್ಕ ನೋಡುವವರನ್ನು ಕೇಳಿ, ಕೆಲವೊಮ್ಮೆ ತೆರಿಗೆಯೂ ಉಳಿಯುತ್ತದೆ. ಮದುವೆಯಾಗಿದ್ದೂ 'ಅವಿವಾಹಿತ' ಎಂದು ಹಾಕಿದ್ದರೆ ಮಾತ್ರ ತಿದ್ದಲೇಬೇಕು.

ಕನ್ನಡದ ಯಾವ ಕಾಗದವಾದರೂ ಸರಿ, ಜೊತೆಗೆ ಪೂರ್ತಿ ಇಂಗ್ಲಿಷ್ ಅನುವಾದ ಇರಬೇಕು. ಅನುವಾದಕರು 'ನನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ಣವಾಗಿದೆ, ಸರಿಯಾಗಿದೆ' ಎಂದು ಬರೆದು ಸಹಿ ಹಾಕಬೇಕು. ಅದಕ್ಕೆ ಸರ್ಕಾರಿ ಮಾನ್ಯತೆಯ ಅನುವಾದಕರೇ ಆಗಬೇಕಿಲ್ಲ, ಎರಡೂ ಭಾಷೆ ಚೆನ್ನಾಗಿ ಬಲ್ಲ ಸ್ನೇಹಿತರಾದರೂ ಆಗುತ್ತದೆ. ಆದರೆ ಛತ್ರದ ರಸೀದಿ ಹಿಂದಿನ ಅರ್ಜಿಯಲ್ಲೇ ಹೋಗಿರಬೇಕಲ್ಲ? ಈ ಸಲ ಅವರು ನೋಡುವುದು ಮದುವೆಯ ದಿನವನ್ನಲ್ಲ, ಅಲ್ಲಿಂದ ಇಲ್ಲಿಯತನಕ ನಡೆದ ಸಂಸಾರವನ್ನು. ನಿಮ್ಮ ಶ್ರಮ ಅಲ್ಲಿಗೆ ಹೋಗಲಿ.

ಅಜ್ಜಂಪುರ, ಸಿಯಾಟಲ್

ಇಷ್ಟೆಲ್ಲ ಬೇಕಾ ಅಂತ ನನ್ನ ಪ್ರಶ್ನೆ. ನನ್ನ ಸಹೋದ್ಯೋಗಿಯೊಬ್ಬರು ಮಗುವಿನ ಜನನ ಪತ್ರ, ಎರಡು ವರ್ಷದ ರಿಟರ್ನು, ಮನೆ ಕಾಗದ ಇಷ್ಟೇ ಕಳಿಸಿದರು, ಸಂದರ್ಶನವೂ ಇಲ್ಲದೆ ಕಾರ್ಡು ಬಂತು. ಇನ್ನು ಕೆಲವರು ವಾಟ್ಸ್ಯಾಪ್ ಮಾತುಕತೆ ಪೂರ್ತಿ ಮುದ್ರಿಸಿ ದಪ್ಪ ಕಟ್ಟು ಮಾಡಿ ಕಳಿಸುತ್ತಾರೆ. ಗಂಡ-ಹೆಂಡತಿ ಮಾತಾಡಿದ್ದನ್ನೆಲ್ಲ ಪರರ ಕೈಗೆ ಕೊಡುವುದು ನನಗೇನೋ ಸರಿಕಾಣುವುದಿಲ್ಲ.

ಕಾಗದಪತ್ರ, ಷಿಕಾಗೋ

ಅಜ್ಜಂಪುರ ಅವರೇ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಮಗು, ಮನೆ, ಎರಡು ಜಂಟಿ ರಿಟರ್ನು ಇದ್ದವರಿಗೆ ಬೇರೆ ಬೆಂಬಲ ಹೆಚ್ಚು ಬೇಡ. ಅವರಿಗೆ ನಡೆದದ್ದು ಮಕ್ಕಳಿಲ್ಲದ, ಸ್ವಂತ ಮನೆಯಿಲ್ಲದ, ಬಂದು ಎರಡೇ ವರ್ಷವಾದ ದಂಪತಿಗೂ ನಡೆಯುತ್ತದೆ ಎಂದು ಹೇಳುವುದು ಮಾತ್ರ ಸರಿಯಲ್ಲ.

ಇಲ್ಲಿ ದಪ್ಪ ಮುಖ್ಯವಲ್ಲ, ಹರಹು ಮುಖ್ಯ. ಒಂದೇ ಖಾತೆಯ ಇಪ್ಪತ್ತನಾಲ್ಕು ಸ್ಟೇಟ್‌ಮೆಂಟು ಕಳಿಸುವುದಕ್ಕಿಂತ ಮೂರು ತಿಂಗಳಿಗೊಂದರಂತೆ ಆರಿಸಿ, ಉಳಿದ ಜಾಗಕ್ಕೆ ಬೇರೆ ಬಗೆಯ ದಾಖಲೆ ಇಡಿ. ಎರಡು ವರ್ಷದಲ್ಲಿ ಯಾವ ಆರು ತಿಂಗಳೂ ಖಾಲಿ ಬಿಟ್ಟಂತೆ ಕಾಣಬಾರದು. ವಾಟ್ಸ್ಯಾಪ್ ಬಗ್ಗೆ ನಿಮ್ಮ ಮಾತೇ ಸರಿ. ಒಬ್ಬರು ಊರಿಗೆ ಹೋಗಿದ್ದಾಗ ಕರೆ ಮಾಡಿದ ದಾಖಲೆಯ ಒಂದೆರಡು ಪುಟ ಸಾಕು, ಖಾಸಗಿ ಮಾತೆಲ್ಲ ಬೇಡ. ಫೋಟೋಗಳಲ್ಲಿ ಇಬ್ಬರೇ ನಿಂತ ಸೆಲ್ಫಿಗಿಂತ ಮನೆಮಂದಿ, ಸ್ನೇಹಿತರು ಇರುವಂಥವು ಒಳ್ಳೆಯವು. ಹಿಂದೆ ತಾರೀಖು, ಊರು, ಯಾರು ಯಾರು ಇದ್ದಾರೆ ಎಂದು ಬರೆಯಿರಿ. ಯುಗಾದಿ, ಗೃಹಪ್ರವೇಶ, ಮೈದುನನ ಗ್ರಾಜುಯೇಷನ್, ಹೀಗೆ ಋತು ಬದಲಾದದ್ದು ಕಾಣಲಿ.

ನಿಮ್ಮಿಬ್ಬರನ್ನೂ ಬಲ್ಲವರಿಂದ ಕನಿಷ್ಠ ಎರಡು ಅಫಿಡವಿಟ್ ಹಾಕಿ. ಬರೆಯುವವರ ಪೂರ್ಣ ಹೆಸರು, ವಿಳಾಸ, ಹುಟ್ಟಿದ ತಾರೀಖು ಮತ್ತು ಸ್ಥಳ, ನಿಮಗೇನಾಗಬೇಕು, ನಿಮ್ಮ ಸಂಸಾರ ಅವರಿಗೆ ಹೇಗೆ ಗೊತ್ತು ಅನ್ನುವುದು ಇರಬೇಕು. 'ಇವರು ಒಳ್ಳೆಯ ಜೋಡಿ' ಎಂದು ಬರೆದರೆ ಪ್ರಯೋಜನವಿಲ್ಲ. 'ಸಂಕ್ರಾಂತಿಗೆ ನಮ್ಮನೆಗೆ ಎಳ್ಳು ಬೀರಲು ಇಬ್ಬರೂ ಬಂದಿದ್ದರು, ನನ್ನ ಯಜಮಾನರಿಗೆ ಹುಷಾರಿಲ್ಲದಾಗ ಇಬ್ಬರೂ ಸರದಿಯ ಮೇಲೆ ಆಸ್ಪತ್ರೆಗೆ ಊಟ ತಂದರು' ಎಂದು ಪಕ್ಕದ ಮನೆಯವರು ಬರೆದರೆ ಅದು ಸಾಕ್ಷಿ.

ಹುಬ್ಬಳ್ಳಿಯಾಂವ, ಡಲ್ಲಾಸ್

ಫೀ ಬಗ್ಗೆ ಯಾರೂ ಹೇಳಲಿಲ್ಲ. 2024ರ ಏಪ್ರಿಲ್ 1ರಿಂದ 750 ಡಾಲರ್ ಆಗೇದ, ಬೆರಳಚ್ಚಿನ ಖರ್ಚು ಅದರಾಗs ಬಂತು. ಮೊದಲ 595, ಮ್ಯಾಲ 85 ಬ್ಯಾರೆ ಇತ್ತು. 2025ರ ಅಕ್ಟೋಬರ್ ಕಡೀ ವಾರದಿಂದ ಚೆಕ್ಕು, ಮನಿ ಆರ್ಡರ್ ತಗೊಳ್ಳೂದು ನಿಂತದ. ಕಾರ್ಡಿನಿಂದ ಕೊಡೋರು ಜಿ-1450, ಬ್ಯಾಂಕ್ ಖಾತೆಯಿಂದ ಕೊಡೋರು ಜಿ-1650 ತುಂಬಿ ಎಲ್ಲಾದಕ್ಕಿಂತ ಮ್ಯಾಲ ಇಡ್ರಿ. ಕ್ರೆಡಿಟ್ ಕಾರ್ಡಿನೊಳಗ ಮಿತಿ ಅದನೋ ಇಲ್ಲೋ ನೋಡಿಕೋರಿ. ರೊಕ್ಕ ಹಾಯಲಿಲ್ಲಂದ್ರ ಪೂರಾ ಅರ್ಜಿ ತಿರುಗಿ ಬರ್ತದ, ಅಷ್ಟರಾಗ 90 ದಿನ ಮುಗಿಯಾಕ ಬಂದಿದ್ರ ಕಷ್ಟ.

ಇಬ್ಬರ ಸಹಿನೂ ಬೇಕ್ರಿ, ಗಂಡಂದೂ ಹೆಂಡತಿದೂ. ಕಾರ್ಡಿನ ಮುಂದಿನ, ಹಿಂದಿನ ಎರಡೂ ಮುಖದ ಪ್ರತಿ ಮರೀಬ್ಯಾಡ್ರಿ.

ಮಲ್ಪೆ ಕಡಲು, ಅಟ್ಲಾಂಟಾ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮೊದಲ ಮದುವೆಯ ಮಗಳು ನನ್ನ ಜೊತೆಯೇ ಬಂದಳು. ಅವಳದೂ ಎರಡು ವರ್ಷದ ಕಾರ್ಡು. ಅವಳಿಗೆ ಬೇರೆ ಅರ್ಜಿ, ಬೇರೆ ಫೀ ಬೇಕಾ?

ಕಾಗದಪತ್ರ, ಷಿಕಾಗೋ

ನಿಮ್ಮ ಜೊತೆಯೇ ಅಥವಾ ನೀವು ಬಂದ 90 ದಿನದೊಳಗೆ ಅವಳಿಗೆ ಕಾರ್ಡು ಸಿಕ್ಕಿದ್ದರೆ ನಿಮ್ಮ ಅರ್ಜಿಯಲ್ಲೇ ಸೇರಿಸಿ, ಬೇರೆ ಫೀ ಇಲ್ಲ. ಅದಕ್ಕಿಂತ ತಡವಾಗಿ ಬಂದ ಮಕ್ಕಳಿಗೆ ಅವರದೇ ಐ-751 ಬೇಕು.

ತುಂಗಾತೀರ, ನ್ಯೂಜೆರ್ಸಿ

ಪ್ರಯಾಣದ ಬಗ್ಗೆ ಯಾರಾದರೂ ಹೇಳ್ತೀರಾ? ಅಮ್ಮನಿಗೆ ಡಾಕ್ಟರು ತಾರೀಖು ಕೊಟ್ಟಿದ್ದಾರೆ. ನಾನೊಬ್ಬಳೇ ಮಗಳು.

ಕಾವೇರಿ ಕಣಿವೆ, ರಾಲಿ

ತಂಗಿ, ಹೋಗಿ ಬಾ. ಧೈರ್ಯವಾಗಿ ಹೋಗಿ ಬಾ. ನಾನು ಇದೇ ಕಾಗದದ ಮೇಲೆ ಬೆಂಗಳೂರಿಗೆ ಹೋಗಿ ಬಂದಿದ್ದೇನೆ.

ಅರ್ಜಿ ತಲುಪಿ ಫೀ ಕಡಿತವಾದ ಮೇಲೆ ಐ-797 ಎಂಬ ರಸೀದಿ ಪತ್ರ ಅಂಚೆಯಲ್ಲಿ ಬರುತ್ತದೆ. ಕಾರ್ಡಿನ ಅವಧಿಯನ್ನು 48 ತಿಂಗಳು ವಿಸ್ತರಿಸಿದೆ ಎಂದು ಅದರಲ್ಲಿ ಬರೆದಿರುತ್ತದೆ. 2023ರ ಜನವರಿಯಿಂದ 48 ತಿಂಗಳು ಮಾಡಿದ್ದಾರೆ. ಅದಕ್ಕೂ ಮುಂಚೆ 24, ಅದಕ್ಕೂ ಹಿಂದೆ 18 ಇತ್ತು. ಇತ್ಯರ್ಥಕ್ಕೆ ವರ್ಷಗಳೇ ಹಿಡಿಯುತ್ತಿರುವುದರಿಂದ ಹೀಗೆ ಬೆಳೆಸಿಕೊಂಡು ಬಂದಿದ್ದಾರೆ. ಅವಧಿ ಮುಗಿದ ಕಾರ್ಡು ಮತ್ತು ಈ ಪತ್ರ, ಎರಡೂ ಸೇರಿ ಒಂದು ದಾಖಲೆ. ಕೆಲಸಕ್ಕೂ ಅದೇ, ಪ್ರಯಾಣಕ್ಕೂ ಅದೇ. ಪತ್ರದ ಮೂಲ ಪ್ರತಿ ಕೈಚೀಲದಲ್ಲಿರಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಬೇಡ.

ದೇವನಹಳ್ಳಿಯಲ್ಲಿ ನನಗಾದದ್ದು ಹೇಳುತ್ತೇನೆ. ಕೌಂಟರಿನ ಹುಡುಗಿ ಕಾರ್ಡಿನ ತಾರೀಖು ನೋಡಿದಳು, ತಲೆಯಾಡಿಸಿದಳು, 'ಸರ್, ಇದು ಎಕ್ಸ್‌ಪೈರ್ ಆಗಿದೆ' ಎಂದಳು. ಪತ್ರ ತೆಗೆದು ವಿಸ್ತರಣೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಮೇಲಿನವರನ್ನು ಕರೆದಳು. ಅವರು ಪತ್ರದ ಮೇಲಿನ ಹೆಸರು, ಎ-ನಂಬರು (ವಲಸೆ ಕಡತದ ಸಂಖ್ಯೆ) ಕಾರ್ಡಿಗೆ ಹೊಂದಿಸಿ ನೋಡಿ ಬೋರ್ಡಿಂಗ್ ಪಾಸ್ ಕೊಟ್ಟರು. ಇದಕ್ಕೆ ಸಮಯ ಹಿಡಿಯುತ್ತದೆ, ಅದಕ್ಕೇ ವಿಮಾನ ನಿಲ್ದಾಣಕ್ಕೆ ಬೇಗ ಹೋಗು. ಈ ಕಡೆ ಇಳಿದಾಗ ಇಮಿಗ್ರೇಷನ್ನಿನವರಿಗೆ ಇದು ದಿನನಿತ್ಯದ ಕಾಗದ, ಅವರು ಏನೂ ಕೇಳಲಿಲ್ಲ. ಯೂರೋಪಿನಲ್ಲಿ ವಿಮಾನ ಬದಲಿಸುವುದಿದ್ದರೆ, ಈ ಪತ್ರವಿದ್ದರೂ ಟ್ರಾನ್ಸಿಟ್ ವೀಸಾ ಬೇಕಾ ಎಂದು ಟಿಕೆಟ್ ತೆಗೆಯುವ ಮೊದಲೇ ವಿಮಾನ ಸಂಸ್ಥೆಯನ್ನು ಕೇಳಿಕೋ.

ಬೆರಳಚ್ಚಿಗೆ ಕರೆ ಬರಬಹುದು. ಹಳೆಯ ಬೆರಳಚ್ಚನ್ನೇ ಬಳಸಿಕೊಂಡು ಕರೆಯದೇ ಇರುವುದೂ ಉಂಟು. ನೀನು ಊರಲ್ಲಿದ್ದಾಗ ಕರೆ ಬಂದರೆ ಸುಮ್ಮನೆ ಬಿಡಬೇಡ, ಆ ತಾರೀಖಿಗೆ ಮೊದಲೇ ಮುಂದೂಡಲು ಕೇಳಿಕೊಳ್ಳಬೇಕು. ಮನೆಗೆ ಬರುವ ಅಂಚೆಯನ್ನು ಯಾರಾದರೂ ಬಿಡಿಸಿ ನೋಡುತ್ತಿರಲಿ.

ಒಂದೇ ಎಚ್ಚರ. ಆರು ತಿಂಗಳು ದಾಟಿಸಬೇಡ. ಪೌರತ್ವದ ಅರ್ಜಿಗೆ ನಿರಂತರ ವಾಸದ ಲೆಕ್ಕ ಹಿಡಿಯುವಾಗ ಅದು ಅಡ್ಡ ಬರುತ್ತದೆ. ಅಮ್ಮನ ಮಂಡಿ ಆಪರೇಷನ್ನಿಗೆ ಅಷ್ಟು ದಿನ ಬೇಕಾಗಲಿಕ್ಕಿಲ್ಲ.

ತುಂಗಾತೀರ, ನ್ಯೂಜೆರ್ಸಿ

ಅಣ್ಣಾ, ನಿಮಗೆ ಪುಣ್ಯ ಬರಲಿ. ಇವತ್ತೇ ಅಮ್ಮನಿಗೆ ಫೋನ್ ಮಾಡಿ ಬರ್ತೀನಿ ಅಂತ ಹೇಳ್ತೀನಿ.

ಹೆಸರು ಬೇಡ

ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನನ್ನದೂ ಎರಡು ವರ್ಷದ ಕಾರ್ಡು. ಅವಧಿ ಹತ್ತಿರ ಬಂದಿದೆ. ನನ್ನ ಗಂಡ ಸಹಿ ಹಾಕುವುದಿಲ್ಲ ಎನ್ನುತ್ತಾರೆ. 'ಹೇಳಿದ ಹಾಗೆ ಕೇಳಿಕೊಂಡು ಬಿದ್ದಿದ್ದರೆ ಹಾಕ್ತೀನಿ, ಇಲ್ಲದಿದ್ದರೆ ವಾಪಸ್ ಹೋಗ್ತೀಯ' ಎನ್ನುತ್ತಾರೆ. ಪಾಸ್‌ಪೋರ್ಟ್ ಅವರ ಹತ್ತಿರ ಇದೆ. ಬ್ಯಾಂಕು, ವಿಮೆ, ಯಾವುದರಲ್ಲೂ ನನ್ನ ಹೆಸರಿಲ್ಲ. ಊರಲ್ಲಿ ಹೇಳಿದರೆ ಹೊಂದಿಕೊಂಡು ಹೋಗು ಎನ್ನುತ್ತಾರೆ. ಸಹಿ ಇಲ್ಲದೆ ನನಗೆ ಬೇರೆ ದಾರಿ ಇದೆಯಾ?

ಕಾಗದಪತ್ರ, ಷಿಕಾಗೋ

ಇದೆ. ಮೊದಲು ಅದನ್ನೇ ಹೇಳುತ್ತೇನೆ: ಇದೆ. ನಿಮ್ಮ ಕಾರ್ಡು ಅವರ ಸಹಿಯೊಂದರಲ್ಲೇ ನಿಂತಿಲ್ಲ.

ಐ-751ರಲ್ಲಿ ಜಂಟಿ ಸಲ್ಲಿಕೆಯ ಜೊತೆಗೆ ಒಬ್ಬರೇ ಸಲ್ಲಿಸುವ ವಿನಾಯಿತಿಗಳಿವೆ. ಸಂಗಾತಿ ತೀರಿಕೊಂಡಿದ್ದರೆ, ಪ್ರಾಮಾಣಿಕವಾಗಿ ಆದ ಮದುವೆ ವಿಚ್ಛೇದನದಲ್ಲಿ ಮುಗಿದಿದ್ದರೆ, ದೇಶದಿಂದ ಹೊರಹಾಕಿದರೆ ವಿಪರೀತ ಕಷ್ಟವಾಗುವಂತಿದ್ದರೆ, ಮತ್ತು ಸಂಗಾತಿಯಿಂದ ಹೊಡೆತ ಅಥವಾ ತೀವ್ರ ಕ್ರೌರ್ಯ ಅನುಭವಿಸಿದ್ದರೆ. ಈ ಕೊನೆಯದಕ್ಕೆ ವಿಚ್ಛೇದನ ಆಗಿರಲೇಬೇಕು ಎಂದಿಲ್ಲ. ಕ್ರೌರ್ಯ ಅಂದರೆ ಕೈ ಎತ್ತಿದ್ದು ಮಾತ್ರ ಅಲ್ಲ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು, ವಾಪಸ್ ಕಳಿಸುತ್ತೇನೆಂದು ಹೆದರಿಸುವುದು, ಕೈಯಲ್ಲಿ ಕಾಸಿಲ್ಲದ ಹಾಗೆ ಇಡುವುದು, ಜನರ ಜೊತೆ ಮಾತಾಡಲು ಬಿಡದಿರುವುದು, ಇವನ್ನೂ ಪರಿಗಣಿಸುತ್ತಾರೆ. ಇದಕ್ಕೆ 90 ದಿನದ ಕಟ್ಟುಪಾಡೂ ಇಲ್ಲ, ಮುಂಚೆಯೂ ಹಾಕಬಹುದು, ಆಮೇಲೂ ಹಾಕಬಹುದು.

ನೀವು ಇಂಥ ಅರ್ಜಿ ಹಾಕಿದ್ದನ್ನು ಯುಎಸ್‌ಸಿಐಎಸ್ ನಿಮ್ಮ ಗಂಡನಿಗೆ ತಿಳಿಸುವ ಹಾಗಿಲ್ಲ. ಬರೀ ಅವರ ಮಾತು ಕೇಳಿ ನಿಮ್ಮ ವಿರುದ್ಧ ತೀರ್ಮಾನ ಮಾಡುವ ಹಾಗೂ ಇಲ್ಲ. ಹಾಗೆಂದು ಕಾನೂನೇ ಇದೆ. ಅರ್ಜಿಯಲ್ಲಿ ಬೇರೆ ಸುರಕ್ಷಿತ ಅಂಚೆ ವಿಳಾಸ ಕೊಡಬಹುದು.

ಬ್ಯಾಂಕಿನಲ್ಲಿ ಹೆಸರಿಲ್ಲ ಎಂದು ಅಂಜಬೇಡಿ. ಹೆಸರು ಹಾಕಿಸದೇ ಇದ್ದದ್ದೂ ಹಿಡಿತದ ಒಂದು ಭಾಗವೇ ಎಂದು ವಕೀಲರು ಬರೆಯುತ್ತಾರೆ. ನಿಮ್ಮ ಹತ್ತಿರ ಇರಬಹುದಾದದ್ದು: ಬೆದರಿಕೆಯ ಮೆಸೇಜು, ಡಾಕ್ಟರಿಗೆ ಹೇಳಿಕೊಂಡಿದ್ದರೆ ಅವರ ಟಿಪ್ಪಣಿ, ಪಕ್ಕದವರಿಗೋ ಗೆಳತಿಗೋ ಗೊತ್ತಿರುವುದು, ಪೊಲೀಸರಿಗೆ ಕರೆ ಹೋಗಿದ್ದರೆ ಅದರ ವರದಿ. ಎಲ್ಲಕ್ಕಿಂತ ಮುಖ್ಯ ನಿಮ್ಮದೇ ಹೇಳಿಕೆ. ಇವುಗಳ ಫೋಟೋ ತೆಗೆದು ಅವರಿಗೆ ಗೊತ್ತಿಲ್ಲದ ಈಮೇಲಿನಲ್ಲೋ ನಂಬಿಕಸ್ಥರ ಹತ್ತಿರವೋ ಇಡಿ. ಇದನ್ನು ಒಬ್ಬರೇ ತುಂಬಲು ಹೋಗಬೇಡಿ. ಈ ಬಗೆಯ ಅರ್ಜಿಗಳನ್ನು ಉಚಿತವಾಗಿ ಮಾಡಿಕೊಡುವ ವಕೀಲರಿದ್ದಾರೆ.

ಬೇ ಏರಿಯಾ ಅಕ್ಕ, ಫ್ರೀಮಾಂಟ್

ಕಂದಾ, ನಿನ್ನ ಪೋಸ್ಟ್ ಓದಿ ಸುಮ್ಮನಿರಲು ಆಗಲಿಲ್ಲ. ಹೊಂದಿಕೊಂಡು ಹೋಗು ಎನ್ನುವವರಿಗೆ ಅಲ್ಲಿನ ನಾಲ್ಕು ಗೋಡೆಯ ಒಳಗಿನದು ಗೊತ್ತಿಲ್ಲ. ತಪ್ಪು ನಿನ್ನದಲ್ಲ.

ದೇಶದಾದ್ಯಂತದ ಸಹಾಯವಾಣಿ 1-800-799-7233, ಹಗಲು ರಾತ್ರಿ ಇರುತ್ತದೆ, ದುಭಾಷಿ ಬೇಕೆಂದರೆ ಒದಗಿಸುತ್ತಾರೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆಂದೇ ಕೆಲಸ ಮಾಡುವ ಸಂಸ್ಥೆಗಳಿವೆ: ನ್ಯೂಜೆರ್ಸಿಯಲ್ಲಿ 1985ರಿಂದ ಮಾನವಿ, ನ್ಯೂಯಾರ್ಕಿನಲ್ಲಿ ಸಖಿ, ಇಲ್ಲಿ ಬೇ ಏರಿಯಾದಲ್ಲಿ ಮೈತ್ರಿ ಮತ್ತು ನಾರಿಕಾ, ಷಿಕಾಗೋದಲ್ಲಿ ಅಪ್ನಾ ಘರ್, ಹ್ಯೂಸ್ಟನ್ನಿನಲ್ಲಿ ದಯಾ. ಕೂಡುಕುಟುಂಬ, ಅತ್ತೆ ಮನೆ, ಊರಿನವರ ಮಾತು, ಇದನ್ನೆಲ್ಲ ಅವರಿಗೆ ಮೊದಲಿನಿಂದ ಬಿಡಿಸಿ ಹೇಳಬೇಕಾಗಿಲ್ಲ. ನೀನಿರುವ ಊರಿನಲ್ಲಿ ಇಲ್ಲದಿದ್ದರೂ ಹತ್ತಿರದವರ ಜೊತೆ ಸಂಪರ್ಕ ಮಾಡಿಸುತ್ತಾರೆ. ನಿನ್ನ ಫೋನು ಅವನು ನೋಡುತ್ತಾನೆ ಅನ್ನಿಸಿದರೆ ಲೈಬ್ರರಿಯಿಂದಲೋ ಡಾಕ್ಟರ ಕಚೇರಿಯಿಂದಲೋ ಕರೆ ಮಾಡು. ಈಗಲೇ ಅಪಾಯ ಅನ್ನಿಸಿದರೆ 911. ಪಾಸ್‌ಪೋರ್ಟ್ ಕೈಗೆ ಸಿಗದೇ ಹೋದರೆ ಭಾರತೀಯ ಕಾನ್ಸುಲೇಟಿನಲ್ಲಿ ಹೊಸದಕ್ಕೆ ಅರ್ಜಿ ಹಾಕಬಹುದು. ಅದಕ್ಕಾಗಿ ಅವನ ಮುಂದೆ ಕೈಯೊಡ್ಡಿ ನಿಲ್ಲಬೇಡ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ನಿನ್ನನ್ನು ಕರೆಸಿಕೊಳ್ಳುವಾಗ ಅವನು ಐ-864ಕ್ಕೆ ಸಹಿ ಹಾಕಿದ್ದಾನಲ್ಲ, ನಿನ್ನ ಖರ್ಚಿನ ಹೊಣೆ ನನ್ನದು ಎಂದು, ಅದು ವಿಚ್ಛೇದನವಾದರೂ ತಾನಾಗಿ ಮುಗಿಯುವುದಿಲ್ಲ. ಇದನ್ನೂ ವಕೀಲರಿಗೆ ಹೇಳು.

ಕಾವೇರಿ ಕಣಿವೆ, ರಾಲಿ

ಹೆಸರು ಬೇಡ ಅವರೇ, ನನ್ನ ಪ್ರಕರಣದಲ್ಲಿ ಹಿಂಸೆ ಇರಲಿಲ್ಲ, ಆದರೆ ಮದುವೆ ಮುರಿಯಿತು. ಒಬ್ಬರೇ ಅರ್ಜಿ ಮುಂದುವರಿಸಿದರೆ ಏನಾಗುತ್ತದೆ ಅನ್ನುವುದಕ್ಕಾಗಿ ಬರೆಯುತ್ತಿದ್ದೇನೆ.

ನಾವು ಜಂಟಿಯಾಗಿಯೇ ಅರ್ಜಿ ಹಾಕಿದ್ದೆವು. ಅದು ಬಾಕಿ ಇರುವಾಗಲೇ ಬೇರೆಯಾದೆವು. ಮೈಸೂರಿನ ಕುಟುಂಬ ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವಾಯಿತು. ಹಿಂದೂ ವಿವಾಹ ಕಾಯ್ದೆಯ 13-ಬಿ ಪ್ರಕಾರ ಒಂದು ವರ್ಷ ಪ್ರತ್ಯೇಕ ಇದ್ದಿರಬೇಕು, ಅರ್ಜಿಯ ನಂತರ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ತಕ್ಕ ಕಾರಣವಿದ್ದರೆ ನ್ಯಾಯಾಲಯ ಬಿಟ್ಟುಕೊಡಬಹುದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಆದೇಶದ ದೃಢೀಕೃತ ಪ್ರತಿ ಬಂದ ಮೇಲೆ, ನನ್ನ ಅರ್ಜಿಯನ್ನು ವಿಚ್ಛೇದನದ ವಿನಾಯಿತಿಗೆ ಬದಲಿಸಿ ಎಂದು ಪತ್ರ ಬರೆದೆ. ಹೊಸ ಅರ್ಜಿ ಹಾಕಬೇಕಾಗಲಿಲ್ಲ. ಊರಿನಲ್ಲಿ ವಿಚ್ಛೇದನ ಪಡೆಯುವವರು ಅದು ನೀವಿರುವ ರಾಜ್ಯದಲ್ಲೂ ನಿಲ್ಲುತ್ತದೆಯೇ ಎಂದು ಮೊದಲೇ ವಕೀಲರನ್ನು ಕೇಳಿ.

ಸಂದರ್ಶನಕ್ಕೆ ಕರೆದರು. ಅಧಿಕಾರಿಣಿ ಗಟ್ಟಿ ಮನುಷ್ಯೆ, ಆದರೆ ನ್ಯಾಯವಾಗಿ ಕೇಳಿದರು. ಮೊದಲು ಯಾರ ಮೂಲಕ ಪರಿಚಯವಾಯಿತು, ಜಾತಕ ಯಾರು ತಂದರು, ಮದುವೆಗೆ ಮೊದಲು ಎಷ್ಟು ಸಲ ಭೇಟಿಯಾದಿರಿ, ಇಲ್ಲಿಗೆ ಬಂದ ಮೇಲೆ ಬಾಡಿಗೆ ಯಾರು ಕಟ್ಟುತ್ತಿದ್ದರು, ಬಿರುಕು ಎಲ್ಲಿಂದ ಶುರುವಾಯಿತು. ಹಿರಿಯರು ನೋಡಿ ಮಾಡಿದ ಮದುವೆ ಅವರಿಗೆ ಹೊಸದಲ್ಲ, ಅದನ್ನು ಮುಚ್ಚಿಟ್ಟು ಪ್ರೇಮಕಥೆ ಹೇಳಬೇಕಾಗಿಲ್ಲ. ನಾನು ಕೌನ್ಸೆಲಿಂಗಿಗೆ ಹೋದ ಬಿಲ್ಲುಗಳನ್ನೂ ಕೊಟ್ಟಿದ್ದೆ, ಉಳಿಸಿಕೊಳ್ಳಲು ನೋಡಿದೆವು ಅನ್ನುವುದಕ್ಕೆ. ಮದುವೆ ಉಳಿಯಿತೇ ಅನ್ನುವುದಲ್ಲ ಕಾನೂನಿನ ಪ್ರಶ್ನೆ, ಕಟ್ಟಿಕೊಂಡಾಗ ಮನಸ್ಸು ನಿಜವಿತ್ತೇ ಅನ್ನುವುದು. ಹತ್ತು ವರ್ಷದ ಕಾರ್ಡು ಬಂತು.

ಅಜ್ಜಂಪುರ, ಸಿಯಾಟಲ್

ಹಾಗಾದರೆ ಎಲ್ಲರೂ ವಕೀಲರನ್ನು ಹಿಡಿಯಬೇಕಾ? ನನಗೊಬ್ಬ ಕನ್ಸಲ್ಟೆಂಟ್ 'ಎಲ್ಲ ನಾನೇ ಮಾಡಿಸ್ತೀನಿ, ಗ್ಯಾರಂಟಿ' ಎಂದು ಮೂರು ಸಾವಿರ ಡಾಲರ್ ಕೇಳಿದ್ದಾನೆ.

ಕಾಗದಪತ್ರ, ಷಿಕಾಗೋ

ಗ್ಯಾರಂಟಿ ಎಂದವರ ಹತ್ತಿರ ಹೋಗಲೇಬೇಡಿ. ಕಾನೂನು ಸಲಹೆ ಕೊಡಬಹುದಾದವರು ಬಾರ್ (ವಕೀಲರ ಸಂಘ) ಸದಸ್ಯತ್ವ ಇರುವ ವಕೀಲರು ಮತ್ತು ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳು, ಇಷ್ಟೇ. ಆಯಾ ರಾಜ್ಯದ ಬಾರ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿ.

ಒಟ್ಟಿಗೆ ಬಾಳುತ್ತಿರುವ, ಯಾವ ತೊಡಕೂ ಇಲ್ಲದ ದಂಪತಿ ಸೂಚನೆಗಳನ್ನು ನಿಧಾನವಾಗಿ ಓದಿ ತಾವೇ ಹಾಕಬಹುದು, ತುಂಬಾ ಜನ ಹಾಗೇ ಹಾಕುತ್ತಾರೆ. ವಕೀಲರು ಬೇಕಾಗುವುದು ಬೇರೆಯಾಗಿದ್ದರೆ, ಒಬ್ಬರೇ ಹಾಕುವುದಿದ್ದರೆ, ಯಾವಾಗಲಾದರೂ ಬಂಧನವಾಗಿದ್ದರೆ (ಕುಡಿದು ಗಾಡಿ ಓಡಿಸಿದ್ದೂ ಲೆಕ್ಕಕ್ಕೆ ಬರುತ್ತದೆ), ದೀರ್ಘ ಕಾಲ ದೇಶದ ಹೊರಗಿದ್ದರೆ, ಅಥವಾ 90 ದಿನದ ಗಡುವು ಮೀರಿದ್ದರೆ. ಗಡುವು ಮೀರಿದವರಿಗೂ ದಾರಿ ಇದೆ. ತಡವಾದದ್ದಕ್ಕೆ ಸರಿಯಾದ ಕಾರಣ ಬರೆದು, ಅದಕ್ಕೆ ಪುರಾವೆ ಇಟ್ಟು ಹಾಕಬಹುದು. ಒಂದು ವೇಳೆ ಅರ್ಜಿ ತಿರಸ್ಕಾರವಾದರೂ ವಲಸೆ ನ್ಯಾಯಾಧೀಶರ ಮುಂದೆ ಮತ್ತೆ ಎಲ್ಲ ದಾಖಲೆ ಇಟ್ಟು ಕೇಳಿಕೊಳ್ಳುವ ಅವಕಾಶ ಇದ್ದೇ ಇರುತ್ತದೆ.

ಹೆಚ್ಚಿನ ದಾಖಲೆ ಕೇಳಿ ಪತ್ರ ಬಂದರೆ ಹೆದರಬೇಡಿ. ಅದರಲ್ಲಿ ಕೊಟ್ಟ ತಾರೀಖಿನೊಳಗೆ, ಕೇಳಿದ್ದೆಲ್ಲವನ್ನೂ ಒಂದೇ ಸಲ ಕಳಿಸಿ. ಕಂತಿನಲ್ಲಿ ಕಳಿಸಿದರೆ ಮೊದಲು ಬಂದದ್ದನ್ನಷ್ಟೇ ನೋಡಿ ತೀರ್ಮಾನಿಸಬಹುದು.

ಹುಬ್ಬಳ್ಳಿಯಾಂವ, ಡಲ್ಲಾಸ್

ಇನ್ನೊಂದು ಸಮಾಧಾನದ ಮಾತು. ಕಾಯೋದು ಭಾಳ ಅದ, ಎರಡು ವರ್ಷ ದಾಟಿದವರನ್ನೂ ನೋಡೀನಿ. ಆದ್ರ ಆ ಕಾಲ ದಂಡ ಆಗೂದಿಲ್ಲ. ಪೌರತ್ವದ ಲೆಕ್ಕ ಷರತ್ತಿನ ಕಾರ್ಡು ಸಿಕ್ಕ ದಿನದಿಂದನ ಶುರು ಆಗ್ತದ. ಅಮೆರಿಕನ್ ನಾಗರಿಕರ ಜೋಡಿ ಸಂಸಾರ ಮಾಡಕೊಂಡು ಮೂರು ವರ್ಷ ಆದವರು ಪೌರತ್ವದ ಅರ್ಜಿ ಎನ್-400 ಹಾಕಬಹುದು, ಆ ಮೂರು ವರ್ಷ ತುಂಬೋ 90 ದಿನ ಮೊದಲs. ಆನ್‌ಲೈನಿನೊಳಗ 710 ಡಾಲರ್, ಕಾಗದದ ಮ್ಯಾಲ 760. ಐ-751 ಇನ್ನೂ ಬಾಕಿ ಇದ್ರ ಎರಡೂ ಒಂದs ಸಂದರ್ಶನದಾಗ ಮುಗಿಸೋದುಂಟು. ನಮ್ಮದು ಹಂಗs ಆತು. ಮನಿಯಾಕಿನ್ನೂ ಕರಕೊಂಡು ಹೋಗಿದ್ದೆ. ಮೊದಲ ಮದುವಿ ಕಾಗದ ನೋಡಿದ್ರು, ಆಮೇಲೆ ನನಗ ಸಿವಿಕ್ಸ್ (ಅಮೆರಿಕದ ಇತಿಹಾಸ, ಸರ್ಕಾರದ) ಪ್ರಶ್ನಿ ಕೇಳಿದ್ರು.

ಹೆಸರು ಬೇಡ

ಅಕ್ಕ ಹೇಳಿದ ಸಂಸ್ಥೆಯೊಂದಕ್ಕೆ ಕರೆ ಮಾಡಿದೆ. ವಕೀಲರ ಜೊತೆ ಸಮಯ ಗೊತ್ತುಮಾಡಿಕೊಟ್ಟಿದ್ದಾರೆ. ಇಲ್ಲಿ ಮತ್ತೆ ಬರೆಯುವುದಿಲ್ಲ. ಎಲ್ಲರಿಗೂ ಕೈ ಮುಗಿದೆ.

ತುಂಗಾತೀರ, ನ್ಯೂಜೆರ್ಸಿ

ಹೆಸರು ಬೇಡ ಅವರಿಗೆ ಒಳ್ಳೆಯದಾಗಲಿ ಎಂದು ಮನಸಾರೆ ಬೇಡಿಕೊಳ್ಳುತ್ತೇನೆ.

ನಮ್ಮದು ಜೋಡಿಸುವ ಕೆಲಸ ಶುರುವಾಗಿದೆ. ಮಾವನವರು ಪತ್ರ ಬರೆದುಕೊಟ್ಟರು, ಅತ್ತೆಯೂ ತಾವೊಂದು ಬರೆಯುತ್ತೇನೆಂದು ಕೂತಿದ್ದಾರೆ. ಇನ್ನೊಂದೇ ಪ್ರಶ್ನೆ. ಬೇಸಿಗೆಯಲ್ಲಿ ಇವರ ಆಫೀಸಿನ ಹತ್ತಿರ ಬಾಡಿಗೆ ಮನೆಗೆ ಹೋಗುವ ಯೋಚನೆ ಇದೆ. ಅರ್ಜಿ ಬಾಕಿ ಇರುವಾಗ ಮನೆ ಬದಲಿಸಿದರೆ?

ಕಾಗದಪತ್ರ, ಷಿಕಾಗೋ

ಬದಲಿಸಿ, ತೊಂದರೆಯಿಲ್ಲ. ಹೋದ ಹತ್ತು ದಿನದೊಳಗೆ ಯುಎಸ್‌ಸಿಐಎಸ್ ಖಾತೆಯ ಮೂಲಕವೋ ವಿಳಾಸ ಬದಲಾವಣೆಯ ನಮೂನೆ ಎಆರ್-11 ತುಂಬಿಯೋ ಹೊಸ ವಿಳಾಸ ತಿಳಿಸಬೇಕು, ಅದು ಕಡ್ಡಾಯ. ಅಂಚೆ ಕಚೇರಿಯಲ್ಲಿ ವಿಳಾಸ ಬದಲಿಸಿದರೆ ಸಾಕು ಅಂದುಕೊಳ್ಳಬೇಡಿ, ಇವರ ಪತ್ರಗಳನ್ನು ಅಂಚೆಯವರು ಹೊಸ ಮನೆಗೆ ತಲುಪಿಸದೆ ವಾಪಸ್ ಕಳಿಸಿಬಿಡಬಹುದು. ಹೊಸ ಮನೆಯ ಲೀಸಿನಲ್ಲಿ ಇಬ್ಬರ ಹೆಸರೂ ಇರಲಿ, ಕರೆಂಟು ನಿಮ್ಮ ಹೆಸರಲ್ಲಿ, ಇಂಟರ್ನೆಟ್ ಅವರ ಹೆಸರಲ್ಲಿ ತೆಗೆದುಕೊಳ್ಳಿ. ಸಂದರ್ಶನಕ್ಕೆ ಕರೆದರೆ ಅವನ್ನೂ ತೆಗೆದುಕೊಂಡು ಹೋಗಬಹುದು. ಕಳಿಸುವ ಮುನ್ನ ಇಡೀ ಕಡತವನ್ನು ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಟ್ರ್ಯಾಕಿಂಗ್ ಇರುವ ಅಂಚೆಯಲ್ಲೇ ಕಳಿಸಿ.